ಲೂಥರನ ಮಂಡಿ ಮತ್ತು ನನ್ನ ಕಾಫಿ

ಎಪ್ಪತ್ತನಾಲ್ಕು ವರ್ಷದ ಹೆಂಗಸು ಪರಪುರುಷನೊಬ್ಬನ ಮಂಡಿಯ ಬಗ್ಗೆ ಮೂರು ಹೊತ್ತೂ ಯೋಚಿಸುವುದು ಮರ್ಯಾದಸ್ಥರ ಮನೆಯಲ್ಲಿ ನಡೆಯುವಂಥದ್ದಲ್ಲ. ನಡೆದರೂ ಬಾಯಿಬಿಟ್ಟು ಹೇಳುವಂಥದ್ದಲ್ಲ. ಆದರೆ ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದವಳಿಗೆ ತಪ್ಪೊಪ್ಪಿಗೆಯ ಮೇಲೆ ಒಂದು ಆಸೆ ಉಳಿದುಬಿಟ್ಟಿರುತ್ತದೆ. ನಾವು ಹಿಂದೂ ಹುಡುಗಿಯರು, ಕನ್ಫೆಷನ್ ನಮಗಿರಲಿಲ್ಲ. ಕ್ಯಾಥೊಲಿಕ್ ಹುಡುಗಿಯರು ಚಾಪೆಲ್ಲಿನ ಮೂಲೆಯ ಆ ಮರದ ಬೀರುವಿನೊಳಗೆ ಹೋಗಿ, ಐದು ನಿಮಿಷ ಪಿಸುಗುಟ್ಟಿ, ಸ್ನಾನ ಮಾಡಿದವರಂತೆ ಹಗುರಾಗಿ ಹೊರಬರುವುದನ್ನು ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದ್ದರಿಂದ ಓದುಗರೇ, ಈಗ ನೀವೇ ಆ ಬೀರು ಎಂದುಕೊಂಡು ಹೇಳಿಬಿಡುತ್ತೇನೆ. ಮಂಡಿ ಎಡಗಾಲಿನದು. ಅದರ ಒಡೆಯನ ಹೆಸರು ಲೂಥರ್. ಅಮೆರಿಕದವರು ಫುಟ್‌ಬಾಲ್ ಎಂದು ಕರೆದು ಕೈಯಲ್ಲಿ ಆಡುವ ಆಟದಲ್ಲಿ ಅವನು ರನ್ನಿಂಗ್ ಬ್ಯಾಕ್. ವಯಸ್ಸು ಇಪ್ಪತ್ತೆಂಟು. ನಾನು ಈ ಭೂಮಿಯ ಮೇಲೆ ಇದ್ದೇನೆ ಎಂಬುದೇ ಅವನಿಗೆ ಗೊತ್ತಿಲ್ಲ. ಆದರೂ ಅವನಿಗಾಗಿ ನಾನು ಎಂಟು ತಿಂಗಳು ಕಾಫಿ ಬಿಟ್ಟಿದ್ದೆ.

ನಾವಿರುವುದು ಸಿಂಗಪುರದ ಹೌಗಾಂಗಿನಲ್ಲಿ, ಒಂಬತ್ತನೆಯ ಮಹಡಿಯಲ್ಲಿ. ಮಗಳು ಸುಧಾ, ಅಳಿಯ ಪ್ರಸಾದ್, ಹದಿನಾರು ವರ್ಷದ ಮೊಮ್ಮಗಳು ನಿಧಿ, ಮತ್ತು ನಾನು. ಯಜಮಾನರು ತೀರಿಕೊಂಡ ಮೇಲೆ "ಒಂದು ಮೂರು ತಿಂಗಳು ಇದ್ದು ಹೋಗಮ್ಮ" ಎಂದು ಸುಧಾ ಕರೆದಳು; ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ, ಆರು ವರ್ಷವಾಯಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸುಧಾ ಮತ್ತು ಪ್ರಸಾದ್ ಪಾಯಾ ಲೆಬಾರಿನ ಆಫೀಸುಗಳಿಗೆ ಹೊರಡುತ್ತಾರೆ, ನಿಧಿ ಅದಕ್ಕೂ ಮೊದಲೇ ಸ್ಕೂಲಿಗೆ. ಆಮೇಲೆ ಮನೆಯಲ್ಲಿ ನಾನು, ವಾಷಿಂಗ್ ಮಷೀನು ಮತ್ತು ಟೀವಿ. ಕ್ರಿಕೆಟ್ ನೋಡಲೆಂದು ಪ್ರಸಾದ್ ಹಾಕಿಸಿದ ಸ್ಪೋರ್ಟ್ಸ್ ಚಾನೆಲ್ಲಿನಲ್ಲಿ ಒಂದು ಸೋಮವಾರ ಕ್ರಿಕೆಟ್ ಇರಲಿಲ್ಲ. ಅಮೆರಿಕದ ಭಾನುವಾರದ ಸಂಜೆ ನಮ್ಮ ಸೋಮವಾರದ ಬೆಳಗಾಗಿ ಟೀವಿಯಲ್ಲಿ ಬಂದಿತ್ತು. ತಲೆಗೆ ಬೋಗುಣಿ ಹಾಕಿಕೊಂಡ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಛೀ, ಇದೇನು ಕಾಡುಜನರ ಆಟ ಎಂದು ರಿಮೋಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಲೂಥರ್ ಬಿದ್ದ.

ಬಿದ್ದವನು ಸುಮ್ಮನೆ ಏಳಲಿಲ್ಲ. ತನ್ನನ್ನು ಕೆಡವಿದ, ಎರಡು ಫ್ರಿಜ್ ಅಗಲದ ಮನುಷ್ಯನಿಗೆ ಕೈ ಕೊಟ್ಟು ಎಬ್ಬಿಸಿದ. ಅವನ ಬೆನ್ನು ತಟ್ಟಿದ. ಆಮೇಲೆ ಓಡಿಹೋಗಿ ಚೆಂಡನ್ನು ಅಂಪೈರಿನ ಕೈಗೇ ಕೊಟ್ಟು ಬಂದ. ಎಸೆಯಲಿಲ್ಲ, ಉರುಳಿಸಲಿಲ್ಲ, ಕೊಟ್ಟ. ನನ್ನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ನಮ್ಮ ಸಿಸ್ಟರ್ ಬರ್ನಡೆಟ್ ಹೇಳುತ್ತಿದ್ದುದು ಇದನ್ನೇ: "ಗರ್ಲ್ಸ್, ಎನಿಬಡಿ ಕ್ಯಾನ್ ಫಾಲ್. ಎ ಲೇಡಿ ಗೆಟ್ಸ್ ಅಪ್ ನೈಸ್ಲಿ." ಇಷ್ಟು ವರ್ಷಗಳಲ್ಲಿ ಆ ಪಾಠವನ್ನು ಪೂರ್ತಿ ಕಲಿತ ಒಬ್ಬ ಲೇಡಿಯೂ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದವನು ಗಡ್ಡ ಬಿಟ್ಟಿದ್ದ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡಿದ್ದ. ಅವನ ಹೆಸರು ಕೇಳಿದ್ದರೆ ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ನಮ್ಮ ಹಿಸ್ಟರಿ ಪುಸ್ತಕದಲ್ಲಿ ಪೋಪರ ವಿರುದ್ಧ ಎದ್ದು ನಿಂತ ಲೂಥರ್ ಎಂಬವರ ಪುಟವನ್ನು ಅವರು ಯಾವಾಗಲೂ ಕೊಂಚ ವೇಗವಾಗಿ ದಾಟಿಸುತ್ತಿದ್ದರು.

ಆಟದ ನಿಯಮ ಅರ್ಥವಾಗಲು ನನಗೆ ಎರಡು ಸೋಮವಾರ ಸಾಕಾಯಿತು. ನಾಲ್ಕು ಸಲದ ಒಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಅದು ಫಸ್ಟ್ ಡೌನ್, ಮತ್ತೆ ನಾಲ್ಕು ಅವಕಾಶ. ಹೀಗೆ ತೆವಳುತ್ತ ತೆವಳುತ್ತ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ರನ್ನಿಂಗ್ ಬ್ಯಾಕ್ ಎಂದರೆ, ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ಹನ್ನೊಂದು ಜನ ಕೊಬ್ಬಿದವರು ನಿಂತಿರುವ ಕಡೆಗೇ ಓಡುವವನು. ಸಂಜೆ ಆರೂವರೆಯ ಎಂಆರ್‌ಟಿ ರೈಲಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತಲು ಹೋದವರಿಗೆ ಇದು ಕೂಡಲೇ ಅರ್ಥವಾದೀತು. ನಿಧಿಗೆ ಮಾತ್ರ ಗಜದ ಲೆಕ್ಕ ಹಿಡಿಯಲಿಲ್ಲ. "ಅಜ್ಜಿ, ಯಾರ್ಡ್ ಅಂದ್ರೆ ಎಷ್ಟು ಮೀಟರ್?" ಎಂದಳು. "ಮೀಟರ್ ಕಟ್ಕೊಂಡು ಏನ್ ಮಾಡ್ತೀಯಾ? ಒಂಬತ್ತು ಗಜದ ಸೀರೆ ಒಂದು, ಅದರ ಮೇಲೊಂದು ರವಿಕೆ ಕಣ. ಅಷ್ಟಾದ್ರೆ ಹತ್ತು ಗಜ, ಫಸ್ಟ್ ಡೌನ್" ಎಂದೆ. ಅಮೆರಿಕದ ಆಟವೊಂದು ನಮ್ಮ ಮಡಿಸೀರೆಯ ಅಳತೆಯಲ್ಲಿ ನಡೆಯುತ್ತಿದೆ ಎಂಬುದನ್ನು ಕಂಡುಹಿಡಿದವಳು ನಾನೊಬ್ಬಳೇ ಇರಬೇಕು.

ಅವನ ಚರಿತ್ರೆಯನ್ನು ನಿಧಿ ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಹೇಳುತ್ತಿದ್ದಳು. ಅಲ್ಲಿ ಕಾಲೇಜು ಮುಗಿಸಿದ ಹುಡುಗರನ್ನು ತಂಡದವರು ಸಾಲಾಗಿ ಆರಿಸಿಕೊಳ್ಳುತ್ತಾರೆ. ಅದಕ್ಕೆ ಮೊದಲು ಎತ್ತರ ಅಳೆಯುತ್ತಾರೆ, ಅಂಗೈ ಅಳೆಯುತ್ತಾರೆ, ನಲವತ್ತು ಗಜ ಓಡಿಸಿ ನೋಡುತ್ತಾರೆ. ನನಗೆ ಇದೇನೂ ಹೊಸದೆನಿಸಲಿಲ್ಲ. ನನ್ನ ವಧುಪರೀಕ್ಷೆಯಲ್ಲೂ ನಡೆಸಿ ನೋಡಿದ್ದರು, ಜಡೆ ನನ್ನದೇ ಹೌದೋ ಅಲ್ಲವೋ ಎಂದು ಎಳೆದು ನೋಡಿದ್ದರು. ಉಪ್ಪಿಟ್ಟು ಕೇಸರಿಬಾತು ಇತ್ತು ಎಂಬುದೊಂದೇ ವ್ಯತ್ಯಾಸ. ಲೂಥರನನ್ನು ಯಾರೂ ಬೇಗ ಆರಿಸಲಿಲ್ಲ. ಕುಳ್ಳ ಎಂದರು. ಸಣ್ಣ ಊರಿನ ಕಾಲೇಜು ಎಂದರು. ಕಟ್ಟಕಡೆಯ ಸುತ್ತಿನಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ ಉಳಿದ ಬಾಳೆಹಣ್ಣನ್ನು ಕಟ್ಟಿಸಿಕೊಂಡು ಹೋಗುವವರಂತೆ, ಒಂದು ತಂಡದವರು ಒಯ್ದರು. ಮೊದಲ ವರ್ಷ ಬೆಂಚಿನ ಮೇಲೆ ಕೂತ. ಎರಡನೆಯ ವರ್ಷ ಮುಂದಿದ್ದವನ ಭುಜ ಮುರಿದು, "ಹೋಗು, ನೀನಾದರೂ ಓಡು" ಎಂದರು. ಇವನು ಓಡಿದ್ದು ನೋಡಿ ಊರೆಲ್ಲ ಎದ್ದು ನಿಂತಿತಂತೆ. ಮೂರು ವರ್ಷ ಅವನೇ ರಾಜ. ಐದನೆಯ ವರ್ಷಕ್ಕೆ ಕಾಮೆಂಟ್ರಿಯವರು ಅವನನ್ನು 'ವೆಟರನ್' ಎನ್ನತೊಡಗಿದರು, 'ಓಲ್ಡ್ ಲೆಗ್ಸ್' ಎಂದರು. ಇಪ್ಪತ್ತೆಂಟು ವರ್ಷಕ್ಕೆ! ನಮ್ಮ ಮನೆಯ ಇಡ್ಲಿ ಪಾತ್ರೆ ವಯಸ್ಸಿನಲ್ಲಿ ಅವನಿಗಿಂತ ದೊಡ್ಡದು. ಆದರೆ ಯೋಚಿಸಿದರೆ ಅದೂ ಹೊಸದಲ್ಲ. ನಮ್ಮ ಕಾಲದಲ್ಲಿ ಇಪ್ಪತ್ತಮೂರು ದಾಟಿದ ಹುಡುಗಿಯ ಬಗ್ಗೆ ಮದುವೆ ಮನೆಗಳಲ್ಲಿ ಥೇಟ್ ಹೀಗೇ ಕಾಮೆಂಟ್ರಿ ನಡೆಯುತ್ತಿತ್ತು.

ಮನೆಯ ಭಾಷೆ ಕೆಟ್ಟದ್ದು ಆ ಕಾಲದಲ್ಲೇ. ಪ್ರಸಾದ್ ಕೈಯಿಂದ ಚಮಚ ಬಿದ್ದರೆ "ಫಂಬಲ್!" ಎಂದು ನಾನು ಪೂಜೆಯ ಮಧ್ಯದಿಂದಲೇ ಕೂಗುತ್ತಿದ್ದೆ. ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತು ಸುಧಾಳನ್ನು ಒಳಗೆ ಬಿಡುವುದಕ್ಕೆ 'ಬ್ಲಾಕಿಂಗ್' ಎಂದು ಹೆಸರಿಟ್ಟೆ. "ಅಮ್ಮ, ಬೇರೆಯವರ ಅಮ್ಮಂದಿರು ಭಜನೆ ಕ್ಲಾಸಿಗೆ ಹೋಗ್ತಾರೆ, ಗೊತ್ತಾ?" ಎಂದು ಸುಧಾ ಮೂದಲಿಸುತ್ತಿದ್ದಳು. "ಹೋಗ್ಲಿ ಬಿಡೇ. ಅಲ್ಲಿ ಯಾರಾದ್ರೂ ಬಿದ್ರೆ ಎಬ್ಬಿಸೋರು ಇರ್ತಾರಾ?" ಎನ್ನುತ್ತಿದ್ದೆ.

ಇನ್ನು ಕಾಫಿಯ ವಿಷಯ. ನನ್ನ ಮೂಗಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಬೇರೆ ಯಾರೂ ಉಳಿದಿಲ್ಲ. ಲೋಟ ಹತ್ತಿರ ಬರುವ ಮೊದಲೇ ಪೀಬೆರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಎಷ್ಟು ಎಂದು ಹೇಳಬಲ್ಲೆ. ಯಜಮಾನರು ಒಮ್ಮೆ ಪುಡಿಯಂಗಡಿ ಬದಲಾಯಿಸಿ ಗುಟ್ಟಾಗಿಟ್ಟಿದ್ದರು, ಬಾಗಿಲಲ್ಲೇ ಹಿಡಿದಿದ್ದೆ. ಇಲ್ಲಿಗೆ ಬಂದ ಮೇಲೂ ಮೊದಮೊದಲು ಡಿಕಾಕ್ಷನ್ ಹಾಕುವ ಕೆಲಸ ನನ್ನದೇ ಆಗಿತ್ತು. ಮೂರು ವರ್ಷದ ಹಿಂದೆ ಸುಧಾ ಇದ್ದಕ್ಕಿದ್ದಂತೆ, "ನೀನು ಕೂತ್ಕೋ ಅಮ್ಮ, ಇನ್ಮೇಲೆ ಫಿಲ್ಟರು ನಾನು ಹಾಕ್ತೀನಿ" ಎಂದು ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಮಗಳಿಗೆ ತಡವಾಗಿಯಾದರೂ ಜವಾಬ್ದಾರಿ ಬಂತಲ್ಲ ಎಂದು ಕಣ್ಣು ತುಂಬಿ ಬಂದಿತ್ತು.

ಲೂಥರನ ಮಂಡಿ ಹೋದದ್ದು ಡಿಸೆಂಬರಿನ ಒಂದು ಸೋಮವಾರ. ನಿಧಿಗೆ ಸ್ಕೂಲು ರಜೆ. ಪಕ್ಕದಲ್ಲೇ ಕೂತು ಚಕ್ಕುಲಿ ತಿನ್ನುತ್ತಿದ್ದಳು. ಲೂಥರ್ ಎಡಕ್ಕೆ ತಿರುಗಿದ. ಯಾರೂ ಮುಟ್ಟಲಿಲ್ಲ, ಯಾರೂ ನೂಕಲಿಲ್ಲ. ಕಾಲು ಮಾತ್ರ ನೆಲದಲ್ಲೇ ಉಳಿದು ಮೈ ತಿರುಗಿತು. ಬಿದ್ದ. ನಾನು ಎದ್ದು ನಿಂತೆ. ಅವನು ಏಳಲಿಲ್ಲ. ಎರಡು ಫ್ರಿಜ್ ಅಗಲದವರೆಲ್ಲ ಸುತ್ತ ಒಂದು ಮಂಡಿ ಊರಿ ಕೂತರು. ಚಿಕ್ಕ ಗಾಡಿಯೊಂದು ಬಂತು. ಅವನು ಅದರಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಕೂತಿದ್ದನ್ನು ನೋಡಿ ನನಗೇನಾಯಿತೋ, ಟೀವಿಯ ಮೇಲಿದ್ದ ಗಣಪತಿಯ ಪಟಕ್ಕೆ ಕೈಮುಗಿದು ಕೂಗಿಬಿಟ್ಟೆ: "ಗಣಪ್ಪಾ, ಈ ಹುಡುಗ ಎದ್ದು ಓಡಿ ಇನ್ನೊಂದು ಟಚ್‌ಡೌನ್ ಮಾಡೋ ತನಕ ನಾನು ಕಾಫಿ ಮುಟ್ಟಲ್ಲ!"

ಚಕ್ಕುಲಿ ಮುರಿಯುವ ಸದ್ದು ನಿಂತಿತು. "ಅಜ್ಜಿ! ಸೀರಿಯಸ್ಸಾ?" ಎಂದಳು ನಿಧಿ. "ನಾನು ಕೇಳಿಸ್ಕೊಂಡೆ ಆಯ್ತಾ, ನಾನೇ ವಿಟ್ನೆಸ್. ಆಮೇಲೆ ಚೇಂಜ್ ಮಾಡೋ ಹಾಗಿಲ್ಲ ಲಾ." ಸಿಂಗಪುರದ ಮಕ್ಕಳ ಮಾತಿನ ಕೊನೆಗೆ ಒಂದು 'ಲಾ' ಅಂಟಿಕೊಂಡಿರುತ್ತದೆ.

ಹರಕೆ ಹೊರುವುದರಲ್ಲಿ ನಮ್ಮ ಹಿರಿಯರು ಎಷ್ಟು ಜಾಣರಾಗಿದ್ದರು ಎಂದು ಅರ್ಥವಾದದ್ದು ಆಮೇಲೆ. ನಮ್ಮಜ್ಜಿ "ಎಲ್ಲಾ ಸರಿಹೋದ್ರೆ ಬಂದು ಹಣ್ಣುಕಾಯಿ ಮಾಡಿಸ್ತೀನಪ್ಪಾ" ಎನ್ನುತ್ತಿದ್ದಳು. ಎಲ್ಲಾ ಎಂದರೆ ಏನು, ಯಾವಾಗ, ಎಷ್ಟು? ಒಂದನ್ನೂ ಹೇಳುತ್ತಿರಲಿಲ್ಲ. ದೇವರಿಗೂ ಉಸಿರಾಡಲು ಜಾಗ, ತನಗೂ ಜಾಗ. ನಾನು ಕಾನ್ವೆಂಟಿನವಳು, ವಾಕ್ಯ ಪೂರ್ತಿ ಇರಬೇಕು, ಕರ್ತೃ ಕರ್ಮ ಕ್ರಿಯಾಪದ ಸ್ಪಷ್ಟವಾಗಿರಬೇಕು ಎಂದು ಬೆತ್ತದ ಏಟು ತಿಂದು ಕಲಿತವಳು. 'ಅವನು ನಡೆದಾಡುವಂತಾಗಲಿ' ಎಂದಿದ್ದರೆ ಯುಗಾದಿಗೆಲ್ಲ ಕಾಫಿ ಕುಡಿಯಬಹುದಿತ್ತು. ಗಣಪತಿಯ ಬಳಿ ಹೋಗಿ ಟಚ್‌ಡೌನ್ ಕೇಳಿದೆ.

ಅಂದು ಸಂಜೆ ಮನೆಯವರಿಗೆ ವಿಷಯ ತಿಳಿಯಿತು. ಐವತ್ತೈದು ವರ್ಷ ದಿನಕ್ಕೆ ಮೂರು ಲೋಟ ಕುಡಿದವಳು ಥಟ್ಟನೆ ನಿಲ್ಲಿಸಿದರೆ ಮೂರನೆಯ ದಿನಕ್ಕೆ ತಲೆ ಸಿಡಿಯಬೇಕು. ನಾನು ಅಮೃತಾಂಜನವನ್ನೂ ಹಣೆಗೆ ಕಟ್ಟುವ ಬಟ್ಟೆಯನ್ನೂ ಸಿದ್ಧಮಾಡಿಕೊಂಡು ಕಾದೆ. ಮೂರನೆಯ ದಿನ ಬಂತು, ತಲೆನೋವು ಬರಲಿಲ್ಲ. ಐದನೆಯ ದಿನವೂ ಬರಲಿಲ್ಲ. ಕೈ ನಡುಗಲಿಲ್ಲ, ಸಿಟ್ಟು ಬರಲಿಲ್ಲ, ನಿದ್ದೆ ಮೊದಲಿನಂತೆಯೇ ಇತ್ತು. ಮೈ ಝುಂ ಎಂದಿತು. "ನೋಡಿದ್ರಾ? ದೇವರು ಹರಕೆ ಒಪ್ಕೊಂಡಿದಾನೆ. ಇಲ್ದಿದ್ರೆ ಇದು ಸಾಧ್ಯಾನಾ ಪ್ರಸಾದು?" ಎಂದೆ. ಪ್ರಸಾದ್ ಸುಧಾಳ ಮುಖ ನೋಡಿದರು. ಸುಧಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. "ಹೂಂ ಅತ್ತೆ, ಮಿರಾಕಲ್ಲೇ" ಎಂದರು ಪ್ರಸಾದ್. ಅವರ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಿತ್ತು, ಭಕ್ತಿ ಎಂದುಕೊಂಡೆ.

ದೇವರು ಒಪ್ಪಿಕೊಂಡ ಮೇಲೆ ನಾನು ಸುಮ್ಮನೆ ಕೂರುವುದು ಸರಿಯಲ್ಲವಲ್ಲ. ಮಂಗಳವಾರ ಮಂಗಳವಾರ ಲಿಟಲ್ ಇಂಡಿಯಾಕ್ಕೆ ಹೋಗಿ, ಸೆರಾಂಗೂನ್ ರೋಡಿನ ಗುಡಿಯಲ್ಲಿ ಲೂಥರನ ಹೆಸರಿಗೆ ಅರ್ಚನೆ ಮಾಡಿಸತೊಡಗಿದೆ. ಮೊದಲ ವಾರ ಅರ್ಚಕರು ತಟ್ಟೆ ಹಿಡಿದು, "ನೇಮ್?" ಎಂದರು. ತಮಿಳಿನವರು, ನಮ್ಮಿಬ್ಬರ ವ್ಯವಹಾರ ಇಂಗ್ಲಿಷಿನಲ್ಲೇ. "ಲೂಥರ್" ಎಂದೆ. ಅವರು ಎರಡು ಕ್ಷಣ ಗಣಪತಿಯ ಕಡೆ ನೋಡಿದರು. "ನಕ್ಷತ್ರಂ?" ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನಿಧಿಯ ಬೆನ್ನು ಹತ್ತಿದೆ. ಅವಳು ಅವನು ಹುಟ್ಟಿದ ದಿನ, ಊರು ಹುಡುಕಿ ಪಂಚಾಂಗದ ಆ್ಯಪಿಗೆ ಹಾಕಿದಳು. ಮೂಲಾ ನಕ್ಷತ್ರ ಎಂದು ಬಂತು. ಮೂಲಾ! ಹನುಮಂತನ ನಕ್ಷತ್ರ! ನಾನು ಸೋಫಾದ ಮೇಲೆ ಕೂತುಬಿಟ್ಟೆ. ಸಮುದ್ರ ಹಾರಿದವನ ನಕ್ಷತ್ರದಲ್ಲಿ ಹುಟ್ಟಿದವನನ್ನು ಕುಳ್ಳ ಎಂದು ಕೊನೆಯ ಸುತ್ತಿಗೆ ತಳ್ಳಿದರಲ್ಲ, ಆ ಅಮೆರಿಕದವರು ಒಂದು ಜಾತಕ ನೋಡಿಸಬಾರದಿತ್ತೆ? ಮುಂದಿನ ಮಂಗಳವಾರ ಅರ್ಚಕರ ಮುಂದೆ ಎದೆಯುಬ್ಬಿಸಿ ನಿಂತೆ. ಗೋತ್ರ ಗೊತ್ತಿಲ್ಲದವರಿಗೆ ಶಿವಗೋತ್ರವಂತೆ. "ಶಿವಗೋತ್ರೋದ್ಭವಸ್ಯ, ಮೂಲಾ ನಕ್ಷತ್ರೇ, ಧನೂರಾಶೌ ಜಾತಸ್ಯ, ಲೂಥರ್ ನಾಮಧೇಯಸ್ಯ" ಎಂದು ಅವರು ಗಂಟೆ ಬಾರಿಸಿದಾಗ, ಪಕ್ಕದಲ್ಲಿದ್ದ ಹೆಂಗಸೊಬ್ಬಳು "ಅಳಿಯನಾ ಆಂಟಿ?" ಎಂದು ಮೆಲ್ಲಗೆ ಕೇಳಿದಳು. ನಾನು ಗುಡಿಯಲ್ಲಿ ಸುಳ್ಳು ಹೇಳುವುದಿಲ್ಲ. "ರನ್ನಿಂಗ್ ಬ್ಯಾಕ್" ಎಂದೆ. ಅವಳು ಅದು ಯಾವುದೋ ಐಟಿ ಹುದ್ದೆ ಎಂದುಕೊಂಡು ಗೌರವದಿಂದ ತಲೆಯಾಡಿಸಿದಳು.

ತಲೆನೋವು ಬರದಿದ್ದರೇನು, ಆಸೆ ಬಿಡಬೇಕಲ್ಲ. ಆ ಎಂಟು ತಿಂಗಳು ನಾನು ಪಟ್ಟ ಪಾಡು ನನಗೆ, ಮೇಲಿರುವವನಿಗೆ ಮಾತ್ರ ಗೊತ್ತು. ಬೆಳಿಗ್ಗೆ ಫಿಲ್ಟರಿನಿಂದ ತೊಟ್ಟು ತೊಟ್ಟಾಗಿ ಬೀಳುವ ಸದ್ದಿಗೆ ಕಿವಿ ಮುಚ್ಚಿಕೊಂಡು ಬಾರ್ಲಿ ಗಂಜಿ ಕುಡಿಯುತ್ತಿದ್ದೆ. ಬಾರ್ಲಿ ಗಂಜಿಗೆ ರುಚಿಯಿಲ್ಲ ಎಂದರೆ ತಪ್ಪಾದೀತು. ಅದಕ್ಕೆ ಬಾರ್ಲಿಯ ರುಚಿ ಇದೆ, ಅದೇ ಅದರ ತೊಂದರೆ. ಒಮ್ಮೆ ತಿಂಡಿಯಂಗಡಿಗಳ ಸಾಲಿರುವ ಹಾಕರ್ ಸೆಂಟರಿನಲ್ಲಿ ನಿಧಿಗೆ, "ಈ ಅಂಗಡಿಯವರು ಕಾಫಿ ಅನ್ನಲ್ಲ, ಕೋಪಿ ಅಂತಾರೆ. ಹರಕೇಲಿ ಕೋಪಿ ಅಂತ ನಾನು ಹೇಳಿಲ್ಲ" ಎಂದು ವಾದಿಸಿ ನೋಡಿದೆ. "ಅಜ್ಜಿ, ಚೀಟಿಂಗ್! ಲೂಥರ್ ನೋಡಿದ್ರೆ ಏನ್ ಅನ್ಕೋತಾನೆ?" ಎಂದಳು. ಅಂಪೈರಿನ ಕೈಗೆ ಚೆಂಡು ಕೊಡುವವನ ಮುಖ ಕಣ್ಣ ಮುಂದೆ ಬಂತು. ಟೀ ಕುಡಿದು ಬಂದೆ.

ಆಗಸ್ಟಿನ ಒಂದು ಮಧ್ಯಾಹ್ನ ನಿಧಿ ಸ್ಕೂಲಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ, "ಅಜ್ಜಿ, ಮೊದ್ಲು ಕೂತ್ಕೋ" ಎಂದಳು. ಲೂಥರ್ ಆಟ ಬಿಟ್ಟಿದ್ದ. ಮಂಡಿ ನಡೆಯಲು ಸಾಕು, ಓಡಲು ಸಾಲದು ಎಂದಿದ್ದರಂತೆ ಡಾಕ್ಟರು. ಫೋನಿನಲ್ಲಿ ಅವನ ಪತ್ರಿಕಾಗೋಷ್ಠಿ ತೋರಿಸಿದಳು. ಸೂಟು ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಅವನ ಅಮ್ಮ. ಎಲ್ಲರ ಹೆಸರು ಹೇಳಿ ಥ್ಯಾಂಕ್ಸ್ ಹೇಳಿದ. ತನ್ನ ಬಟ್ಟೆ ಒಗೆದವರ ಹೆಸರನ್ನೂ ಹೇಳಿದ. ಕೊನೆಗೆ "ನನಗೆ ಇನ್ನೊಂದು ಸಲ ಓಡಬೇಕಿತ್ತು, ಅಷ್ಟೇ" ಎಂದು ನೀರು ಕುಡಿದ.

ನನಗೂ ಒಂದು ಓಟವಿತ್ತು. ಈಗ ಯಾರೂ ನಂಬುವುದಿಲ್ಲ. ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ ನೂರು ಗಜದ ಓಟಕ್ಕೆ ನಾನೇ. ಮೂರು ವರ್ಷ ಸತತವಾಗಿ ನಾನೇ. ಬಿಳಿ ಸ್ಕರ್ಟು, ಕ್ಯಾನ್ವಾಸ್ ಶೂ, ಸಿಸ್ಟರ್ ಬರ್ನಡೆಟ್ ಅವರ ಸೀಟಿ, ಕಿವಿಯ ಪಕ್ಕ ಗಾಳಿ. ಹದಿನೇಳನೆಯ ವರ್ಷದಲ್ಲಿ ಕೊನೆಯ ಸಲ ಓಡಿ ಬಂದಾಗ ಅದು ಕೊನೆಯದೆಂದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತಕ್ಕೆ ಮದುವೆ. ಆಮೇಲೆ ಹಾಲು ಉಕ್ಕಿದಾಗ ಅಡುಗೆಮನೆಗೆ ಓಡಿದ್ದಿದೆ, ಮಳೆ ಬಂದಾಗ ಒಣಗಿದ ಹಪ್ಪಳಕ್ಕೆ ಓಡಿದ್ದಿದೆ. ಅವನ್ನು ಯಾರೂ ಗಜದಲ್ಲಿ ಅಳೆಯಲಿಲ್ಲ. ಗೆದ್ದ ಕಪ್ಪಿನಲ್ಲಿ ನಮ್ಮತ್ತೆ ಮೆಂತ್ಯ ಹಾಕಿಟ್ಟಿದ್ದರು. ನಾನು ನಿವೃತ್ತಳಾದಾಗ ಪತ್ರಿಕಾಗೋಷ್ಠಿ ಇರಲಿಲ್ಲ, ಪಕ್ಕದಲ್ಲಿ ಅಮ್ಮನೂ ಇರಲಿಲ್ಲ. ಇದನ್ನೆಲ್ಲ ನೆನೆದು ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡೆ. ಆಮೇಲೆ ಥಟ್ಟನೆ ಇನ್ನೊಂದು ಹೊಳೆದು ನಿಜವಾಗಿಯೂ ಅಳು ಬಂತು: ಲೂಥರ್ ಇನ್ನು ಓಡುವುದಿಲ್ಲ. ಅವನು ಓಡದಿದ್ದರೆ ಟಚ್‌ಡೌನ್ ಇಲ್ಲ. ಟಚ್‌ಡೌನ್ ಇಲ್ಲದಿದ್ದರೆ ನನಗೆ ಸಾಯುವವರೆಗೂ ಬಾರ್ಲಿ.

ಊಟದ ಹೊತ್ತಿಗೆ ಮನೆಯಲ್ಲಿ ಸಭೆ ಸೇರಿತು. "ಅತ್ತೆ, ರಿಕ್ವೈರ್‌ಮೆಂಟೇ ಹೋದ್ಮೇಲೆ ಟಿಕೆಟ್ ಕ್ಲೋಸ್ ಮಾಡೋದಪ್ಪ. ನಮ್ಮಾಫೀಸಲ್ಲಿ ಹಾಗೇ" ಎಂದರು ಪ್ರಸಾದ್. "ಗಣಪತಿ ನಿಮ್ಮಾಫೀಸಲ್ಲಿ ಕೆಲಸ ಮಾಡಲ್ಲ" ಎಂದೆ. "ಅಮ್ಮ, ಎಷ್ಟು ದಿನ ಆಯ್ತು, ಬಿಡಮ್ಮ. ಬಾರ್ಲಿ ಬಿಪಿಗೂ ಒಳ್ಳೇದು" ಎಂದಳು ಸುಧಾ. ಅವಳಿಗೆ ಬಾರ್ಲಿಯ ಮೇಲೆ ಏನೋ ಅನುಮಾನಾಸ್ಪದವಾದ ಪ್ರೀತಿ. ಕೊನೆಗೆ ಮಂಗಳವಾರ ಅರ್ಚಕರನ್ನೇ ಕೇಳಿದೆ. ಅವರು ಎಂಟು ತಿಂಗಳಿನಿಂದ ಲೂಥರನ ಹೆಸರು ಹೇಳಿ ಹೇಳಿ ಅವನ ಮೇಲೆ ಒಂದು ತರಹ ಮಮತೆ ಬೆಳೆಸಿಕೊಂಡಿದ್ದರು. ಬಹಳ ಹೊತ್ತು ಯೋಚಿಸಿ ಹೇಳಿದರು: "ಮಾಮಿ, ಪೂಜೆಯಲ್ಲಿ ವಸ್ತ್ರ ಇಲ್ಲದಿದ್ದರೆ ಏನು ಹಾಕುತ್ತೇವೆ?" ಅಕ್ಷತೆ, ಎಂದೆ. "ಆಭರಣ ಇಲ್ಲದಿದ್ದರೆ?" ಅಕ್ಷತೆ. "ಒಂದರ ಬದಲಿಗೆ ಇನ್ನೊಂದು ಆಗುತ್ತದೆ ಅಲ್ಲವೆ? ಮನಸ್ಸು ಮುಖ್ಯ. ಅವನಿಗೆ ಓಡಲಾಗದಿದ್ದರೆ ಅವನ ಬದಲಿಗೆ ಯಾರಾದರೂ ಓಡಲಿ, ಚೆಂಡಿನ ಬದಲಿಗೆ ತೆಂಗಿನಕಾಯಿ ಹಿಡಿದು. ಆ ಕಾಯಿ ತಂದು ಇಲ್ಲಿ ಒಡೆಯಿರಿ."

ಯಾರಾದರೂ ಎಂದರೆ ಯಾರು ಎಂಬುದರ ಬಗ್ಗೆ ನನಗೆ ಕ್ಷಣವೂ ಸಂಶಯವಿರಲಿಲ್ಲ. "ಬೇಡ್ವೇ ಬೇಡ! ಬಿದ್ರೆ? ಸೊಂಟ ಮುರ್ಕೊಂಡ್ರೆ?" ಎಂದು ಸುಧಾ ಹೌಹಾರಿದಳು. "ಬಿದ್ರೆ ನೈಸಾಗಿ ಏಳ್ತೀನಿ" ಎಂದೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಮೈದಾನ ಸಿದ್ಧವಾಯಿತು. ನಮ್ಮತ್ತೆಯ ಒಂಬತ್ತು ಗಜದ ಸೀರೆಯನ್ನು ಸಿಮೆಂಟಿನ ಮೇಲೆ ಉದ್ದಕ್ಕೆ ಹಾಸಿ, ತುದಿಗೆ ಹಸಿರು ರವಿಕೆ ಕಣ ಸೇರಿಸಿದೆವು. ಹತ್ತು ಗಜ. ಮೆಂತ್ಯಕ್ಕೆ ಕಪ್ಪು ಕೊಟ್ಟ ಸೇಡು ಅರ್ಧ ತೀರಿದಂತಾಯಿತು. ಗೋಡೆಯ ಮೇಲೆ ಇಲ್ಲಿ ಚೆಂಡಾಟ ನಿಷಿದ್ಧ ಎಂಬ ಬೋರ್ಡು ಇತ್ತು. "ಇದು ಚೆಂಡಲ್ಲ, ತೆಂಗಿನಕಾಯಿ" ಎಂದು ಪ್ರಸಾದ್ ಬೋರ್ಡಿಗೇ ಸಮಜಾಯಿಷಿ ಕೊಟ್ಟರು. ಎದುರುಮನೆಯ ಆಂಟಿ ಲಿಮ್, ನನ್ನದೇ ವಯಸ್ಸಿನವರು, ಮಾರ್ಕೆಟ್ಟಿಗೆ ಹೊರಟವರು ನಿಂತರು. "ಪ್ರೇಯರ್ಸ್, ಈಸ್ ಇಟ್?" ಎಂದರು. ಹೌದು ಎಂದೆ. ಅವರು ತರಕಾರಿ ಗಾಡಿಯನ್ನು ಬದಿಗಿಟ್ಟು ಕಲ್ಲಿನ ಸ್ಟೂಲಿನ ಮೇಲೆ ಶ್ರದ್ಧೆಯಿಂದ ಕೂತರು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಾಯಿಯನ್ನು ಲೂಥರ್ ಹಿಡಿಯುವಂತೆಯೇ ಹಿಡಿದೆ: ಬೆರಳು ಮುಂದಿನ ತುದಿಗೆ, ಹಿಂದಿನ ತುದಿ ಮೊಣಕೈ ಮಡಿಕೆಗೆ, ಬದಿ ಪಕ್ಕೆಲುಬಿಗೆ. ಜುಟ್ಟು ಮುಂದಕ್ಕೆ. ಎದುರಿನಲ್ಲಿ ಇಬ್ಬರು ಡಿಫೆಂಡರುಗಳು, ಮಗಳು ಮತ್ತು ಅಳಿಯ. ನಿಧಿ ಅಂಪೈರು, ಸೀಟಿ ಊದಿದಳು. ಆ ಸೀಟಿ! ಐವತ್ತೇಳು ವರ್ಷದ ಹಿಂದಿನ ಗಾಳಿ ಕಿವಿಯ ಪಕ್ಕ ಎದ್ದಿತು.

ಓಡಿದೆ. ಓಡಿದೆ ಎಂದು ನಾನು ಹೇಳುತ್ತಿದ್ದೇನೆ. ವೀಡಿಯೊ ಬೇರೆ ಏನೋ ಹೇಳುತ್ತದೆ. ಮೂರನೆಯ ಗಜದಲ್ಲಿ ಸುಧಾ "ಅಮ್ಮಾ, ನಿಧಾನ!" ಎನ್ನುತ್ತ ಎರಡೂ ಕೈ ಚಾಚಿ ಬಂದಳು. ತಡೆಯಲೋ ಹಿಡಿದುಕೊಳ್ಳಲೋ ಅವಳಿಗೇ ಗೊತ್ತಿರಲಿಲ್ಲ. ಎಡಕ್ಕೆ ಹೋದಂತೆ ತೋರಿಸಿ ಬಲಕ್ಕೆ ಹೋದೆ. ಆರನೆಯ ಗಜದಲ್ಲಿ ಪ್ರಸಾದ್, ಆರು ಅಡಿ ಎತ್ತರ, ದಾರಿಗೆ ಅಡ್ಡ. ನಾನು ನೇರ ಅವರ ಮೇಲೇ ಹೋದೆ. ಅತ್ತೆ ಎದುರಿಗೆ ಬಂದರೆ ಮೈಸೂರಿನ ಅಳಿಯ ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಕೈಕಟ್ಟಿ, ತಲೆ ತಗ್ಗಿಸಿ, ಗೋಡೆಗೆ ಸರಿದು ದಾರಿ ಬಿಟ್ಟರು! ಅಮೆರಿಕದಲ್ಲಿ ಒಬ್ಬ ಅಳಿಯನಾದರೂ ಎದುರು ತಂಡದಲ್ಲಿದ್ದರೆ ಅತ್ತೆಯರು ಎಲ್ಲಿಂದೆಲ್ಲಿಗೆ ಓಡಿಬಿಡುತ್ತಿದ್ದರೋ! ರವಿಕೆ ಕಣ ದಾಟಿದೆ. ನಿಧಿ ಎರಡೂ ಕೈ ಮೇಲೆತ್ತಿ "ಟಚ್‌ಡೌನ್!" ಎಂದು ಕಿರುಚಿದಳು. ಆಂಟಿ ಲಿಮ್ ಎದ್ದು ನಿಂತು ಚಪ್ಪಾಳೆ ತಟ್ಟಿದರು: "ವಾ, ಸೋ ಫಾಸ್ಟ್ ಆ, ಯುವರ್ ಗಾಡ್!" ನಾನು ಕಾಯಿಯನ್ನು ಎಸೆಯಲಿಲ್ಲ, ಉರುಳಿಸಲಿಲ್ಲ. ಹೋಗಿ ಅಂಪೈರಿನ ಕೈಗೆ ಕೊಟ್ಟೆ.

ಗುಡಿಗೆ ಹೋಗಿ ಕಾಯಿ ಒಡೆಸಿ, ಮನೆಗೆ ಬಂದು ಕೂತೆ. ಸುಧಾ ಹಿತ್ತಾಳೆ ಲೋಟದಲ್ಲಿ ಕಾಫಿ ತಂದಿಟ್ಟಳು. ಎಂಟು ತಿಂಗಳು! ಲೋಟ ಎತ್ತಿ ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ ಒಂದು ಗುಟುಕು ಹೀರಿದೆ. "ಆಹಾ! ಪೀಬೆರಿ ಅರವತ್ತು, ಪ್ಲಾಂಟೇಷನ್ ನಲವತ್ತು, ಚಿಕೋರಿ ಒಂದು ಚಿಟಿಕೆ. ಇದು ಕಣ್ರೇ ಕಾಫಿ ಅಂದ್ರೆ! ಒಂದು ಗುಟುಕಿಗೇ ನೋಡು, ತಲೆ ಹೇಗೆ ಚುರುಕಾಯ್ತು!" ಎಂದೆ.

ಪ್ರಸಾದ್ ಬಾಲ್ಕನಿಗೆ ಹೋದರು. ಅವರ ಭುಜ ಕುಲುಕುತ್ತಿತ್ತು. ಸುಧಾ ಕ್ಯಾಲೆಂಡರ್ ನೋಡತೊಡಗಿದಳು. ನಿಧಿಗೆ ಮಾತ್ರ ತಡೆಯಲಾಗಲಿಲ್ಲ. "ಅಜ್ಜಿ, ಸಾರಿ ಅಜ್ಜಿ, ಅದು ಡೀಕ್ಯಾಫ್ ಲಾ!"

"ಏನು?"

"ಕೆಫೀನ್ ತೆಗೆದಿರೋ ಪುಡಿ. ಇವತ್ತಿಂದಲ್ಲ, ಮೂರು ವರ್ಷದಿಂದ. ನಿನ್ನ ಬಿಪಿಗೆ ಡಾಕ್ಟರ್ ಹೇಳಿದ್ರು. ಅಮ್ಮ ಹೇಳ್ಬೇಡ ಅಂದಿದ್ಲು."

"ನಿನ್ನ ಮೂಗು ಕಂಡುಹಿಡಿಯತ್ತೆ ಅಂತ ದಿನಾ ಹೆದರ್ತಿದ್ದೆ ಅಮ್ಮ" ಎಂದಳು ಸುಧಾ, ಸಣ್ಣ ದನಿಯಲ್ಲಿ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಿಟ್ಟು ಬರಿಸುವ ಪದಾರ್ಥವನ್ನೇ ತೆಗೆದಿದ್ದರಲ್ಲ. ಬಂದದ್ದು ದಿಗಿಲು. ತಲೆನೋವು ಬರದಿದ್ದುದರ ರಹಸ್ಯ ಈಗ ತಿಳಿಯಿತು. ಗಣಪತಿಯ ಮುಂದೆ ನಿಂತು ನಾನು ತ್ಯಾಗ ಮಾಡಿದ್ದು ಕಾಫಿಯನ್ನಲ್ಲ, ಕಾಫಿಯ ಬಣ್ಣದ ಬಿಸಿನೀರನ್ನು. ದೇವರಿಗೆ ಎಲ್ಲ ಗೊತ್ತಿರುತ್ತದೆ. ಸತ್ತ್ವ ತೆಗೆದ ಹರಕೆಗೆ ಅವನು ಸರಿಯಾಗಿ ತೂಗಿ, ಸತ್ತ್ವ ತೆಗೆದ ವರವನ್ನೇ ಕೊಟ್ಟ: ನಡೆಯಲು ಸಾಕು, ಓಡಲು ಸಾಲದು. ಮೂಲಾ ನಕ್ಷತ್ರದ ಆ ಹುಡುಗನ ಓಟ ನಿಂತದ್ದು ಮೈದಾನದಲ್ಲಲ್ಲ, ಹೌಗಾಂಗಿನ ನಮ್ಮ ಅಡುಗೆಮನೆಯ ಡಬ್ಬದಲ್ಲಿ.

ಹಾಗಾಗಿ ಈಗ ಅವನಿಗೊಂದು ಪತ್ರ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಕಲಿಸಿದಂತೆ, ಮಾರ್ಜಿನ್ ಬಿಟ್ಟು, ನಾಲ್ಕನೆಯ ಕರಡು. 'ಡಿಯರ್ ಲೂಥರ್, ನಿಮ್ಮ ಎಡ ಮಂಡಿಯ ವಿಷಯದಲ್ಲಿ ತಪ್ಪು ಸಂಪೂರ್ಣ ನನ್ನದು' ಎಂದು ಆರಂಭಿಸಿದ್ದೇನೆ, ಮುಂದಕ್ಕೆ ಹೋಗುತ್ತಿಲ್ಲ. ಪಕ್ಕದಲ್ಲಿ ಸುಧಾ ತಂದಿಟ್ಟ ಕಾಫಿ ಹಬೆಯಾಡುತ್ತಿದೆ. "ಇವತ್ತು ಒಂದೇ ಒಂದು ಲೋಟ ಅಸಲಿ ಹಾಕಿದೀನಿ ಅಮ್ಮ, ಕ್ಷಮಿಸಿಬಿಡು" ಎಂದು ಹೇಳಿ ಹೋಗಿದ್ದಾಳೆ. ನಿಜವೋ ಸುಳ್ಳೋ ಅವಳಿಗೇ ಗೊತ್ತು. ಲೋಟವನ್ನು ಎತ್ತಿ ಬಹಳ ಹೊತ್ತು ಮೂಸಿ ನೋಡಿದೆ. ಸಂಶಯವೇ ಇಲ್ಲ, ಅಪ್ಪಟ ಅಸಲಿ. ನನ್ನ ಮೂಗಿಗೆ ಯಾರೂ ಸುಳ್ಳು ಹೇಳಲು ಸಾಧ್ಯವಿಲ್ಲ.